ಮನೆಯ ಆರೋಗ್ಯ: ಒಂದೇ ಗುಳಿಗೆ, ಬೇರೆ ಬೇರೆ ಫಲ

ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರು ಒಬ್ಬರೇ ವೈದ್ಯರಿಂದ ಒಂದೇ ಹೆಸರಿನ ಗುಳಿಗೆಯನ್ನು ಬರೆಸಿಕೊಂಡು ಬರುವುದುಂಟು. ಮೂರು ತಿಂಗಳ ತರುವಾಯ ರಕ್ತವನ್ನು ಪರೀಕ್ಷೆ ಮಾಡಿಸಿದರೆ ಅಣ್ಣನ ಕೊಲೆಸ್ಟರಾಲು ಚೆನ್ನಾಗಿ ಇಳಿದಿರುತ್ತದೆ. ತಮ್ಮನದು ಅಷ್ಟಾಗಿ ಕದಲಿರುವುದಿಲ್ಲ. ಅದೂ ಸಾಲದೆಂಬಂತೆ ತಮ್ಮನಿಗೆ ತೊಡೆಗಳಲ್ಲಿ ನೋವು. ಆಗ ಮನೆಯವರು ಔಷಧವನ್ನು ನಿಂದಿಸುವರು, ಇಲ್ಲವೆ ವೈದ್ಯರನ್ನು ನಿಂದಿಸುವರು. ಅದನ್ನು ಕೇಳಿದ ಎದುರುಮನೆಯ ಯಜಮಾನರೂ ತಮ್ಮ ಗುಳಿಗೆಯನ್ನು ಬಿಟ್ಟುಬಿಡುವರು. ಹೀಗೆ ಬಿಟ್ಟುದರ ಹಾನಿಯು ಕೂಡಲೆ ಕಾಣಿಸುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಹೃದಯಾಘಾತದ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಆದುದರಿಂದ ಈ ಭೇದವು ಎಲ್ಲಿಂದ ಬರುತ್ತದೆಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದು.

ಕೊಲೆಸ್ಟರಾಲೆಂಬುದು ವಿಷವಲ್ಲ. ದೇಹದ ಕಣಕಣಕ್ಕೂ ಅದು ಬೇಕು. ಅದನ್ನು ತಯಾರಿಸುವ ಅವಯವಗಳಲ್ಲಿ ಯಕೃತ್ತು ಮುಖ್ಯವಾದುದು. ರಕ್ತದಲ್ಲಿ ಅದು ಮಿತಿಮೀರಿದಾಗ ಮಾತ್ರ ರಕ್ತನಾಳಗಳ ಗೋಡೆಯೊಳಗೆ ಸೇರಿ ದಾರಿಯನ್ನು ಕಿರಿದುಮಾಡುತ್ತದೆ. ಇದನ್ನು ತಗ್ಗಿಸುವ ಸ್ಟ್ಯಾಟಿನ್ ಎಂಬ ಔಷಧವರ್ಗವು ಬಂದುದು ಬೂಷ್ಟಿನಿಂದ. ಜಪಾನಿನ ಅಕಿರ ಎಂಡೊ ಎಂಬ ವಿಜ್ಞಾನಿಯು ಸುಮಾರು ಆರು ಸಾವಿರ ಬಗೆಯ ಬೂಷ್ಟುಗಳನ್ನು ಶೋಧಿಸಿ, ೧೯೭೩ರಲ್ಲಿ, ಕ್ಯೋಟೊ ನಗರದ ಅಕ್ಕಿಯಂಗಡಿಯಿಂದ ಬಂದ ಒಂದು ಬೂಷ್ಟಿನಲ್ಲಿ ಈ ಗುಣವುಳ್ಳ ವಸ್ತುವನ್ನು ಕಂಡುಹಿಡಿದನು. ೧೯೮೭ರಲ್ಲಿ ಈ ವರ್ಗದ ಮೊದಲನೆಯ ಔಷಧವು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ಈ ಗುಳಿಗೆಯು ತಾನೇ ರಕ್ತವನ್ನು ತೊಳೆಯುವುದಿಲ್ಲ. ಯಕೃತ್ತಿನ ಕೈಯಿಂದ ಆ ಕೆಲಸವನ್ನು ಮಾಡಿಸುತ್ತದೆ. ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ಅದು ತಡೆಯುತ್ತದೆ. ಮನೆಯಲ್ಲಿ ಅಡಿಗೆ ನಿಂತರೆ ಹೊರಗಿನಿಂದ ಊಟ ತರಿಸುವಂತೆ, ಯಕೃತ್ತು ತನ್ನ ಮೈಮೇಲೆ ಹೆಚ್ಚು ಬಾಗಿಲುಗಳನ್ನು ತೆರೆದು ರಕ್ತದಲ್ಲಿರುವುದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಈ ಬಾಗಿಲುಗಳ ರಹಸ್ಯವನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬವರಿಗೆ ೧೯೮೫ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೆಲಸ ಮಾಡುವುದು ಯಕೃತ್ತಾದುದರಿಂದ, ಯಕೃತ್ತು ಹೇಗೋ ಫಲವೂ ಹಾಗೆ.

ಮೊದಲನೆಯದಾಗಿ, ಕೆಲವರಲ್ಲಿ ಈ ಬಾಗಿಲುಗಳೇ ಹುಟ್ಟಿನಿಂದ ಕಡಮೆ. ಈ ದೋಷವು ತಂದೆತಾಯಿಗಳಿಬ್ಬರಿಂದಲೂ ಬಂದಿದ್ದರೆ ಸ್ಟ್ಯಾಟಿನ್ನಿನಿಂದಾಗುವ ಪ್ರಯೋಜನ ಸ್ವಲ್ಪವೇ. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರುಳ್ಳ ಮನೆತನದಲ್ಲಿ ಮಕ್ಕಳ ರಕ್ತವನ್ನೂ ಪರೀಕ್ಷಿಸುವುದು ಇದಕ್ಕಾಗಿಯೇ. ಎರಡನೆಯದಾಗಿ, ಕೆಲವರ ಕರುಳು ಕೊಲೆಸ್ಟರಾಲನ್ನು ಹೆಚ್ಚಾಗಿ ಹೀರುತ್ತದೆ. ತಯಾರಿಕೆಯನ್ನು ತಡೆದರೂ ಹೀರಿಕೆ ನಿಲ್ಲದು. ಅಂಥವರಿಗೆ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಎಂಬ ಇನ್ನೊಂದು ಔಷಧವನ್ನು ಜೊತೆಗೂಡಿಸುವುದುಂಟು.

ಮೂರನೆಯದು, ಔಷಧವು ಯಕೃತ್ತನ್ನು ಹೊಗುವ ದಾರಿ. ಆ ದಾರಿಯನ್ನು ನಿರ್ಮಿಸುವ ವಂಶಬೀಜದಲ್ಲಿ ಸಣ್ಣ ವ್ಯತ್ಯಾಸವಿದ್ದವರಲ್ಲಿ ಔಷಧವು ರಕ್ತದಲ್ಲಿಯೇ ಹೆಚ್ಚಾಗಿ ಉಳಿದು ಮಾಂಸಖಂಡಗಳನ್ನು ಬಾಧಿಸಬಹುದು. ದಿನಕ್ಕೆ ೮೦ ಮಿಲಿಗ್ರಾಂ ಸಿಮ್ವಸ್ಟ್ಯಾಟಿನ್ ಸೇವಿಸಿದವರಲ್ಲಿ ಇದು ೨೦೦೮ರಲ್ಲಿ ಸ್ಪಷ್ಟವಾಯಿತು. ರೊಸುವಸ್ಟ್ಯಾಟಿನ್ ಎಂಬುದನ್ನು ಸಮಪ್ರಮಾಣದಲ್ಲಿ ಕೊಟ್ಟರೆ ಭಾರತೀಯರೂ ಸೇರಿದಂತೆ ಏಷ್ಯದ ಜನರ ರಕ್ತದಲ್ಲಿ ಅದು ಬಿಳಿಯರಲ್ಲಿರುವುದಕ್ಕಿಂತ ಸುಮಾರು ಎರಡರಷ್ಟಾಗುವುದೆಂದು ತಿಳಿದುಬಂದಿದೆ. ಆದುದರಿಂದ ನಮ್ಮವರಿಗೆ ೫ ಮಿಲಿಗ್ರಾಮಿನಿಂದ ಆರಂಭಿಸುವ ಕ್ರಮವುಂಟು. ವಿದೇಶದಲ್ಲಿರುವ ನೆಂಟರ ಗುಳಿಗೆಯ ಪ್ರಮಾಣವನ್ನು ನೋಡಿ, ತಮಗೆ ಕಡಮೆ ಕೊಟ್ಟರೆಂದು ಕೊರಗಬೇಕಾದುದಿಲ್ಲ.

ನಾಲ್ಕನೆಯದು, ಜೊತೆಯಲ್ಲಿ ಸೇವಿಸುವ ಪದಾರ್ಥಗಳು. ಕ್ಲಾರಿಥ್ರೊಮೈಸಿನ್ ಎಂಬ ಔಷಧ, ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ, ಇವು ಸಿಮ್ವಸ್ಟ್ಯಾಟಿನ್ ದೇಹದಲ್ಲಿ ಕರಗಿಹೋಗುವುದನ್ನು ತಡೆದು ಅದರ ಬಲವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲವು. ಥೈರಾಯ್ಡ್ ಗ್ರಂಥಿಯು ಮಂದವಾಗಿದ್ದರೆ ಕೊಲೆಸ್ಟರಾಲು ಏರುವುದಲ್ಲದೆ ಸ್ನಾಯುನೋವಿಗೂ ಎಡೆಯಾಗುತ್ತದೆ. ಅದಕ್ಕೆ ಚಿಕಿತ್ಸೆ ಮಾಡದೆ ಗುಳಿಗೆಯನ್ನು ದೂರುವುದು ನ್ಯಾಯವಲ್ಲ.

ಇನ್ನು, ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಕಾರಣವೊಂದಿದೆ: ಗುಳಿಗೆಯನ್ನು ಸರಿಯಾಗಿ ಸೇವಿಸದಿರುವುದು. ಹಬ್ಬ, ಪ್ರಯಾಣ, ಮರೆವು, “ಈಗ ಚೆನ್ನಾಗಿದ್ದೇನಲ್ಲ” ಎಂಬ ಧೈರ್ಯ, ಇವುಗಳಿಂದ ವಾರದಲ್ಲಿ ಮೂರು ದಿನ ತಪ್ಪಿಸಿದವರಿಗೆ ಪೂರ್ಣ ಫಲ ಹೇಗೆ ಬಂದೀತು? ವೈದ್ಯರು ಇದನ್ನರಿಯದೆ ಪ್ರಮಾಣವನ್ನು ಇಮ್ಮಡಿ ಮಾಡಬಹುದು. ಆದರೆ ಪ್ರಮಾಣವನ್ನು ಇಮ್ಮಡಿಸಿದರೆ ಕೆಟ್ಟ ಕೊಲೆಸ್ಟರಾಲು ಮತ್ತೆ ಇಳಿಯುವುದು ನೂರಕ್ಕೆ ಸುಮಾರು ೬ ಪಾಲು ಮಾತ್ರ. ಆದುದರಿಂದ ನಿಜವನ್ನು ಹೇಳುವುದೇ ಲಾಭ.

ನೋವಿನ ವಿಷಯದಲ್ಲಿ ಇನ್ನೊಂದು ಸಂಗತಿ. ಬಾಧೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ ೬೦ ಜನರನ್ನು ಇಂಗ್ಲೆಂಡಿನ ವೈದ್ಯರು ಪರೀಕ್ಷೆಗೆ ಸೇರಿಸಿಕೊಂಡು ೨೦೨೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರತಿಯೊಬ್ಬರಿಗೂ ತಿಂಗಳಿಗೊಂದರಂತೆ ೧೨ ಡಬ್ಬಿಗಳು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಔಷಧವಿಲ್ಲದ ಹುಸಿಗುಳಿಗೆ, ನಾಲ್ಕು ಬರಿದು. ಗುಳಿಗೆಗಳಲ್ಲಿ ನಿಜವಾವುದು, ಹುಸಿಯಾವುದು ಎಂಬುದು ಅವರಿಗೆ ತಿಳಿಯದು. ಬರಿದು ಡಬ್ಬಿಯ ತಿಂಗಳುಗಳಿಗಿಂತ ಸ್ಟ್ಯಾಟಿನ್ ತಿಂಗಳುಗಳಲ್ಲಿ ಎಷ್ಟು ಬಾಧೆ ಹೆಚ್ಚಿತೋ ಅದರ ನೂರಕ್ಕೆ ೯೦ ಪಾಲು ಹುಸಿಗುಳಿಗೆಯ ತಿಂಗಳುಗಳಲ್ಲಿಯೂ ಹೆಚ್ಚಿತು! ನೋವು ಸುಳ್ಳೆಂದು ಇದರ ಅರ್ಥವಲ್ಲ, ನೋವು ನಿಜವೇ. ಆದರೆ ಭಯವೂ ನಿರೀಕ್ಷೆಯೂ ನೋವನ್ನು ಹುಟ್ಟಿಸಬಲ್ಲವು. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನರು ಗುಳಿಗೆಯನ್ನು ಪುನಃ ಆರಂಭಿಸಿದರು.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಗುಳಿಗೆಯನ್ನು ಆರಂಭಿಸಿದ ನಾಲ್ಕರಿಂದ ಹನ್ನೆರಡು ವಾರಗಳೊಳಗೆ ರಕ್ತವನ್ನು ಮತ್ತೆ ಪರೀಕ್ಷೆ ಮಾಡಿಸಿರಿ. ತಪ್ಪಿದ ದಿನಗಳನ್ನೂ, ಸೇವಿಸುವ ಇತರ ಔಷಧಗಳನ್ನೂ, ನಾಟಿಮದ್ದನ್ನು ಸಹ ಬಿಡದೆ, ವೈದ್ಯರಿಗೆ ತಿಳಿಸಿರಿ. ಮೈಕೈ ನೋವು ಬಂದರೆ ತಾವಾಗಿಯೇ ನಿಲ್ಲಿಸದೆ ಅವರನ್ನು ಕಾಣಿರಿ. ಪ್ರಮಾಣವನ್ನು ತಗ್ಗಿಸಲೂ ಬೇರೆ ಸ್ಟ್ಯಾಟಿನ್ ಕೊಡಲೂ ಅವಕಾಶವುಂಟು. ನೋವು ತೀವ್ರವಾಗಿ, ನಿಶ್ಶಕ್ತಿಯೊಡನೆ ಮೂತ್ರವು ಕಪ್ಪುಗೆಂಪಾದರೆ ಮಾತ್ರ ಮುಂದಿನ ಗುಳಿಗೆಯನ್ನು ನುಂಗದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಸ್ಟ್ಯಾಟಿನ್ನಿಗೆ ಮಣಿಯದವರಿಗೆ ೨೦೧೫ರಿಂದೀಚೆಗೆ ಬಂದಿರುವ ಚುಚ್ಚುಮದ್ದುಗಳೂ ಇವೆ. ಅವು ಯಕೃತ್ತಿನ ಬಾಗಿಲುಗಳು ನಾಶವಾಗದಂತೆ ಕಾಯುತ್ತವೆ.

ನೆರೆಮನೆಯವರ ಕನ್ನಡಕವನ್ನು ಹಾಕಿಕೊಂಡು ಓದಲು ಯಾರೂ ಹೊರಡುವುದಿಲ್ಲ. ಅವರ ಗುಳಿಗೆಯ ಅನುಭವವನ್ನೂ ಅಷ್ಟರಲ್ಲಿಯೇ ಇಟ್ಟುಕೊಂಡು, ತಮ್ಮ ರಕ್ತದ ಲೆಕ್ಕವನ್ನು ತಾವು ನೋಡಿಕೊಳ್ಳುವುದು ವಿವೇಕ.