ಹಾರಿಯೂ ಊರು ಮುಟ್ಟದ ಸಾರಸ

ಕೆರೆಯಂಗಳದ ಹಕ್ಕಿಯ ಹೆಸರು ಹೊತ್ತ ಸಾರಸ ವಿಮಾನವನ್ನು ವಾಚಕರಲ್ಲಿ ಕೆಲವರಾದರೂ ಬೆಂಗಳೂರಿನ ಆಕಾಶದಲ್ಲಿ ಕಂಡಿರಬಹುದು. ಟಿಕೇಟು ಕೊಂಡು ಅದರಲ್ಲಿ ಪಯಣಿಸಿದವರು ಮಾತ್ರ ಯಾರೂ ಇಲ್ಲ. ಚಿಕ್ಕ ಊರುಗಳನ್ನು ವಿಮಾನದಿಂದ ಜೋಡಿಸಬೇಕೆಂಬ ಹಂಬಲದಿಂದ ಹುಟ್ಟಿದ ಈ 14 ಆಸನಗಳ ವಿಮಾನ ಕಾರ್ಖಾನೆಯ ಸಾಲು ತಯಾರಿಕೆಗೆ ಬರಲೇ ಇಲ್ಲ. ರೈಲು, ಬಸ್ಸು ಬದಲಿಸುತ್ತಲೇ ನೆಂಟರಿಷ್ಟರ ಮನೆ ಸೇರುವ ಗಡಿನಾಡಿನ ನಮಗೆ ಇದರ ಕಥೆ ತೀರ ಹೊರಗಿನದೆನಿಸದು.

ಬೆಂಗಳೂರಿನ ಎನ್.ಎ.ಎಲ್. ಎಂಬ ವೈಮಾನಿಕ ಸಂಶೋಧನಾಲಯವು 1990ರ ದಶಕದ ಆರಂಭದಲ್ಲಿ ರಷ್ಯದ ಸಹಭಾಗಿತ್ವದಲ್ಲಿ ಈ ಕಾರ್ಯಕ್ಕೆ ತೊಡಗಿತು. ಹಣದ ಮುಗ್ಗಟ್ಟಿನಿಂದ ರಷ್ಯದವರು ಹಿಂದೆ ಸರಿದರು. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ವಿದೇಶಗಳು ಹೇರಿದ ನಿರ್ಬಂಧಗಳು ಮತ್ತಷ್ಟು ಕಾಲವನ್ನು ನುಂಗಿದವು. ಕಡೆಗೆ 2004ರ ಮೇ 29ರಂದು ಮೊದಲ ಮಾದರಿ ಎಚ್.ಎ.ಎಲ್. ನಿಲ್ದಾಣದಿಂದ ಮೇಲೇರಿತು. ಇದರ ಎರಡು ಪಂಖಗಳು ಹಿಂಬದಿಯಲ್ಲಿದ್ದು, ವಿಮಾನವನ್ನು ಮುಂದಿನಿಂದ ಎಳೆಯದೆ ಹಿಂದಿನಿಂದ ತಳ್ಳುತ್ತಿದ್ದವು. ಒಳಗೆ ಕುಳಿತವರಿಗೆ ಸದ್ದು ಕಡಿಮೆಯಾಗಲೆಂಬುದು ಉದ್ದೇಶ.

ಅದಕ್ಕೆ ಕಾಡಿದ ದೊಡ್ಡ ತೊಡಕು ತೂಕದ್ದು. ಖಾಲಿ ವಿಮಾನ 4125 ಕಿಲೋ ಇರಬೇಕೆಂಬ ಲೆಕ್ಕಾಚಾರ. ಮೊದಲ ಮಾದರಿ ತೂಗಿದ್ದು ಸುಮಾರು 5118 ಕಿಲೋ. ಒಬ್ಬನಿಗೆ 80 ಕಿಲೋ ಎಂದು ಹಿಡಿದರೂ, ಹತ್ತುವ ಮುನ್ನವೇ 12 ಜನರ ಭಾರ ಅದರ ಮೈಮೇಲಿತ್ತು! 850 ಅಶ್ವಶಕ್ತಿಯ ಎಂಜಿನ್‌ಗಳ ಬದಲಿಗೆ 1200 ಅಶ್ವಶಕ್ತಿಯವನ್ನು ಅಳವಡಿಸಿದ ಎರಡನೆಯ ಮಾದರಿ 2007ರಲ್ಲಿ ಹಾರಿತು.

2009ರ ಮಾರ್ಚ್ 6ರಂದು ಆ ಎರಡನೆಯ ಮಾದರಿಯಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಪರೀಕ್ಷೆಗೆ ಹೊರಟರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಆಕಾಶದಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವುದು ಅಂದಿನ ಪರೀಕ್ಷೆ. ಮೊರವನ್ನು ಗಾಳಿಗೆ ಅಂಚು ಮುಂದಾಗಿ ಹಿಡಿದರೆ ತಡೆಯಿಲ್ಲ, ಅಡ್ಡಲಾಗಿ ಹಿಡಿದರೆ ಅದು ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ಪಂಖದ ಅಲಗುಗಳೂ ಹಾಗೆಯೇ. ಆರಿದ ಎಂಜಿನ್ನಿನ ಅಲಗುಗಳು ಅಡ್ಡ ತಿರುಗಿದರೆ ವಿಮಾನಕ್ಕೆ ಅವು ಬಿರಿಯಾಗಿಬಿಡುತ್ತವೆ. ಬಿಡದಿಯ ಬಳಿ ವಿಮಾನ ನೆಲಕ್ಕೆ ಅಪ್ಪಳಿಸಿತು. ಮೂವರೂ ಮಡಿದರು.

ತನಿಖೆಯ ವರದಿ ಚಾಲಕರ ಮೇಲಷ್ಟೇ ಹೊಣೆ ಹೊರಿಸಲಿಲ್ಲ. ವಿನ್ಯಾಸಕಾರರು ರೂಪಿಸಿದ ಮರುಹೊತ್ತಿಸುವ ಕ್ರಮವೇ ಸರಿಯಾಗಿರಲಿಲ್ಲ. ಅದನ್ನು ಸಾಲದ ಎತ್ತರದಲ್ಲಿ ಅನುಸರಿಸಿದ್ದರಿಂದ ಅಪಘಾತವಾಯಿತೆಂದು ಅದು ಹೇಳಿತು. ‘ಸ್ವದೇಶಿ ವಿಮಾನವೆಂದರೆ ಇಷ್ಟೇ’ ಎಂದು ಹಗುರವಾಗಿ ಆಡುವವರ ಮಾತು ನಮಗೆ ಒಪ್ಪಿಗೆಯಾಗದು. ನಾಳೆ ನಾವು ನೀವು ಕೂರಬೇಕಾದ ಆಸನ ಸುರಕ್ಷಿತವೇ ಎಂದು ನೋಡಲು ಹೋದವರು ಅವರು. ಆದರೆ ಅಂಥವರ ಕೈಗೆ ಕೊಡುವ ಕ್ರಮವನ್ನು ನೆಲದ ಮೇಲೆ ಕುಳಿತವರು ಹತ್ತು ಸಲ ತೂಗಿ ನೋಡಬೇಕಿತ್ತೆಂದು ಹೇಳದಿರಲೂ ನಮ್ಮಿಂದಾಗದು.

ಯೋಜನೆ ಆ ಬಳಿಕ ವರ್ಷಗಟ್ಟಲೆ ಸೊರಗಿತು. ತಿದ್ದುಪಡಿ ಮಾಡಿದ ಮೊದಲ ಮಾದರಿ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಸುಮಾರು 40 ನಿಮಿಷ ಹಾರಿ ಸುರಕ್ಷಿತವಾಗಿ ಇಳಿಯಿತು. ಅನಂತರ ಎನ್.ಎ.ಎಲ್. ಗಮನ ಹರಿಸಿದ್ದು 19 ಆಸನಗಳ ಹೊಸ ವಿನ್ಯಾಸದತ್ತ. 14 ಆಸನಗಳ ಸಾರಸದಲ್ಲಿ ಬಾನಿಗೇರಿದ್ದು ಆ ಎರಡು ಮಾದರಿಗಳು ಮಾತ್ರ.