ಯಂತ್ರದ ಕಣ್ಣು, ಕಾರ್ಮಿಕನ ಕೈ

೧೮೮೭ರಲ್ಲಿ ಹರ್ಟ್ಸ್ ಕಂಡ ದ್ಯುತಿವಿದ್ಯುತ್ ಪರಿಣಾಮವನ್ನು ೧೯೦೫ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಬೆಳಕಿನಿಂದ ವಿದ್ಯುತ್ತು ಚಲಿಸುವ ಆ ವಿದ್ಯೆಯ ಕುಲಕ್ಕೆ ಸೇರಿದುದೇ ಇಂದಿನ ಕಾರ್ಖಾನೆಗಳ ಬೆಳಕಿನ ಕಣ್ಣು. ಒಂದು ಬದಿಯಿಂದ ಹೊರಟ ಅವಗೆಂಪು ಕಿರಣವು ಎದುರಿನ ಗ್ರಾಹಕವನ್ನು ಸೇರುತ್ತಿರುವಾಗ ನಡುವೆ ಪೆಟ್ಟಿಗೆಯೊಂದು ಬಂದರೆ, ಕಿರಣಭಂಗವಾಗಿ ಯಂತ್ರಕ್ಕೆ ಅದರ ಅರಿವಾಗುತ್ತದೆ. ಸರಕನ್ನೆಣಿಸುವುದು ಇದರ ಸಾಮಾನ್ಯ ಪ್ರಯೋಜನ. ಒತ್ತುಯಂತ್ರದ ಮುಂದೆ ಇಂತಹ ಕಿರಣಗಳ ತೆರೆಯನ್ನು ಹರಡಿದಲ್ಲಿ, ಕಾರ್ಮಿಕನ ಕೈ ಒಳಹೊಕ್ಕೊಡನೆ ಯಂತ್ರ ನಿಲ್ಲುವುದು. ಇದೇ ಇದರ ಶ್ರೇಷ್ಠ ಪ್ರಯೋಜನ.

ಕೆಲಸ ತಡವಾಗುವುದೆಂದು ಆ ತೆರೆಯನ್ನು ತಪ್ಪಿಸಿ ಯಂತ್ರ ನಡೆಸುವುದು ಜಾಣತನವಲ್ಲ, ಅಪರಾಧ. ಯಂತ್ರವಿದ್ಯೆಯನ್ನು ಕಲಿಸುವವರು ಈ ವಿವೇಕವನ್ನೂ ಕಲಿಸಬೇಕು. ಸರಕಿನ ಎಣಿಕೆ ತಪ್ಪಿದರೆ ಮತ್ತೆ ಎಣಿಸಬಹುದು. ಹೋದ ಕೈ ಮತ್ತೆ ಬಾರದು.