ಹೋಳಿ ಬೆಂಕಿ, ಅಡಗಿ ಬೆಂಕಿ

ಬಹಳ ದಿನ ಆಯ್ತು ಇಲ್ಲಿ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :) ಆದರೆ ಇದೊಂದು ಮಾತ್ರ ಡಿಸೆಂಬರಿನಿಂದ ಹೊಟ್ಟೆಯೊಳಗೆ ಕೂತುಬಿಟ್ಟಿದೆ. ಹೊಟ್ಟೆಯ ವಿಷಯವೇ ಆದ್ದರಿಂದ ಅಲ್ಲೇ ಕೂತಿರಬೇಕು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ನಮ್ಮ ಕಡೆ ಹೋಗಿದ್ದೆ. ನಮ್ಮೂರು ಮೂಡಲಗಿ ಹತ್ತಿರದ ಒಂದು ಹಳ್ಳಿ. (ಮೂಡಲಗಿ ಈಗ ಸ್ವಂತ ತಾಲೂಕು. ನಾನು ಶಾಲೆಗೆ ಹೋಗುವಾಗ ಗೋಕಾಕ ತಾಲೂಕಿನಲ್ಲೇ ಇತ್ತು. ವಿಳಾಸ ಬರೆಯುವಾಗ ಈಗಲೂ ಕೈ ತಾನಾಗಿಯೇ 'ತಾ: ಗೋಕಾಕ' ಅಂತ ಬರೆಯುತ್ತದೆ.) ಮೊದಲು ಗೋಕಾಕ ಜಲಪಾತ ನೋಡಿದೆವು. ಮಳೆಗಾಲದಲ್ಲಿ ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಡಿಸೆಂಬರಿನಲ್ಲಿ ಹೋದವರಿಗೆ ಬಂಡೆ ಜಾಸ್ತಿ, ನೀರು ಕಡಿಮೆ. ತೂಗುಸೇತುವೆ, ಹಳೆಯ ನೂಲಿನ ಗಿರಣಿ ತೋರಿಸಿ, ಎರಡು ಕಿಲೋ ಕರದಂಟು ಕೊಂಡು, ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ಕಡೆ ಹೊರಟೆವು. ಅಲ್ಲಿ ನಮ್ಮ ಕಾಕಾನ ಬೀಗರ ಹೊಲ ಇದೆ. ಅವರನ್ನು ಕೇಳಿಯೇ ಹೊಲದ ಬದುವಿನ ಹತ್ತಿರ ಟೆಂಟ್ ಹಾಕಿದ್ದು.

ಗೆಳೆಯರು ತಂದಿದ್ದ ಸಾಮಾನು ಕೇಳಿ: ಮಡಚುವ ಬಾರ್ಬೆಕ್ಯೂ ಸ್ಟ್ಯಾಂಡ್, ಒಂದು ಚೀಲ ಇದ್ದಿಲು, ಬೆಂಕಿ ಹೊತ್ತಿಸುವ ಎಣ್ಣೆಯ ಬಾಟಲಿ, ಮಸಾಲೆಯಲ್ಲಿ ನೆನೆಹಾಕಿದ ಪನೀರು, ಕಬ್ಬಿಣದ ಕಡ್ಡಿಗಳು, ಮೇಯೋನೀಸು, ಅಲ್ಯೂಮಿನಿಯಂ ಹಾಳೆ, ಹನ್ನೆರಡು ಪ್ಯಾಕೆಟ್ ನೂಡಲ್ಸ್. ಇಷ್ಟೆಲ್ಲ ಇದ್ದೂ ಆ ರಾತ್ರಿ ನಾವು ತಿಂದಿದ್ದು ಏನು ಗೊತ್ತಾ? ಕರದಂಟು!

ಹಿನ್ನೀರಿನ ಮೇಲಿಂದ ಬೀಸುವ ಗಾಳಿಗೆ ಬೆಂಕಿ ಒಂದು ಕಡೆ, ಪಾತ್ರೆ ಒಂದು ಕಡೆ. ಮುಕ್ಕಾಲು ಗಂಟೆಯಾದರೂ ನೂಡಲ್ಸಿನ ನೀರು ಕುದಿಯಲಿಲ್ಲ. ಪನೀರು ಹೊರಗೆ ಇದ್ದಿಲು, ಒಳಗೆ ತಣ್ಣಗೆ. ಅದಕ್ಕೆ ಹತ್ತಿದ ಎಣ್ಣೆಯ ವಾಸನೆ ನನ್ನ ಮೂಗಿನಲ್ಲಿ ಈಗಲೂ ಇದೆ.

ಹತ್ತೂವರೆಗೆ ಹೊಲದ ಯಜಮಾನರು ಬ್ಯಾಟರಿ ಹಿಡಿದು ಬಂದರು. "ಏನ್ರಪಾ, ಊಟ ಆತಿಲ್ಲೊ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಅವರು ಎದೆಯೆತ್ತರ ಉರಿಯುತ್ತಿದ್ದ ನಮ್ಮ ಬೆಂಕಿ ನೋಡಿ ನಕ್ಕು, "ತಮ್ಮಾ, ಇದು ಹೋಳಿ ಹುಣ್ಣಿವಿ ಬೆಂಕಿ ಆತು. ಅಡಗಿ ಬೆಂಕಿ ಅಲ್ಲ" ಅಂದರು. ಉಳಿದವರಿಗೆ ಅದು ತಮಾಷೆ. ನನಗೆ ಮಾತ್ರ ಕಪಾಳಕ್ಕೆ ಬಿಟ್ಟಂತಾಯಿತು. ಇದೇ ಸೀಮೆಯಲ್ಲಿ ಹುಟ್ಟಿ, ಹೊಲದಲ್ಲಿ ಸುಟ್ಟದ್ದು ತಿಂದು ಬೆಳೆದವನು ನಾನು. ಇಪ್ಪತ್ತು ವರ್ಷ ಗ್ಯಾಸಿನ ಗುಂಡಿ ತಿರುವಿ ತಿರುವಿ ಬೆಂಕಿಯನ್ನೇ ಮರೆತುಬಿಟ್ಟಿದ್ದೆ.

ಮರುದಿನ ಅವರೇ ನಿಂತು ಮಾಡಿ ತೋರಿಸಿದರು. ಅದನ್ನೇ ಇಲ್ಲಿ ಬರೆಯುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯದು ಜಾಗ. ಗಾಳಿಗೆ ಬೆನ್ನು ಕೊಟ್ಟು ಗೇಣುದ್ದ ಕುಣಿ ತೋಡಿ ಮೂರು ಕಲ್ಲು ಇಡಬೇಕು. ಹೊಳೆಯೊಳಗಿನ ಕಲ್ಲು ಬೇಡವೇ ಬೇಡ. ಒಳಗೆ ನೀರು ಹೀರಿಕೊಂಡ ಕಲ್ಲು ಕಾದಾಗ ಪಟಾಕಿಯ ಹಾಗೆ ಸಿಡಿಯುತ್ತದೆ, ಕಣ್ಣು ಹೋದೀತು. ಸೌದೆಗೆ ಜಾಲಿ ಒಳ್ಳೆಯದು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ತೊಗರಿ ಕಟಿಗೆ, ಹತ್ತಿ ಕಟಿಗೆ ಭರ್ರಂತ ಹೊತ್ತಿ ಭರ್ರಂತ ಆರುತ್ತವೆ, ಚಹಾಕ್ಕೆ ಸಾಕು. ಕಬ್ಬಿನ ರವದಿಯಂತೂ ಬರೀ ಹೊತ್ತಿಸೋಕೆ. ಕಣಗಿಲೆಯ ಕಡ್ಡಿ ಒಲೆಗೂ ಹಾಕಬೇಡಿ, ಅದಕ್ಕೆ ಏನನ್ನೂ ಚುಚ್ಚಿ ಸುಡಲೂ ಬೇಡಿ. ಅದು ವಿಷ. ಆಮೇಲೆ ಸುಮ್ಮನೆ ಕಾಯಬೇಕು. ಸುಡುವ ಅಡಿಗೆಗೆ ಉರಿ ಬೇಡ, ಕೆಂಡ ಬೇಕು. ನಾವು ಬೆಂಗಳೂರಿನವರು ಸೋಲುವುದು ಇಲ್ಲೇ. ನಮಗೆ ಕಾಯೋಕೆ ಬರಲ್ಲ.

ಆ ಕೆಂಡದಲ್ಲಿ ಬದನಿಕಾಯಿ ಹಾಕಿ. ದೊಡ್ಡದು, ಹೊಸದಾಗಿ ಹರಿದದ್ದು. ಕೆಳಗಿನಿಂದ ಒಂದು ಸೀಳು ಹಾಕಿ ಹುಳ ಇದೆಯಾ ನೋಡಿಕೊಳ್ಳಿ. ಆ ಸೀಳಿನಿಂದ ಕಾಯಿ ಸಿಡಿಯುವುದೂ ತಪ್ಪುತ್ತದೆ. ಮೇಲೆ ಒಂಚೂರು ಎಣ್ಣೆ ಸವರಿ ಕೆಂಡದಲ್ಲಿಟ್ಟು ಹೊರಳಿಸುತ್ತಿರಿ. ಇಪ್ಪತ್ತು ನಿಮಿಷಕ್ಕೆ ಸಿಪ್ಪೆ ಕರ್ರಗಾಗಿ ಒಳಗೆ ಬೆಣ್ಣೆ ಆಗಿರುತ್ತದೆ. ಪಕ್ಕದಲ್ಲೇ ನಾಲ್ಕು ಹಸಿಮೆಣಸಿನಕಾಯಿ, ಒಂದು ಬೆಳ್ಳುಳ್ಳಿ ಗಡ್ಡೆ ಸುಟ್ಟುಕೊಳ್ಳಿ. ಸಿಪ್ಪೆ ಸುಲಿದು ಎಲ್ಲ ಸೇರಿಸಿ ಕೈಯಿಂದಲೇ ಹಿಚುಕಿ, ಉಪ್ಪು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಒಂದು ಹಿಡಿ ಶೇಂಗಾಪುಡಿ. ಮುಗೀತು. ತೊಳೆಯೋಕೆ ಒಂದೇ ತಾಟು. ಇದನ್ನು ತಿಂದ ಮೇಲೆ ನಮ್ಮ ಪನೀರು ಗೆಳೆಯ ಹತ್ತು ನಿಮಿಷ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಂಡಕ್ಕೆ ಮತ್ತೆರಡು ಕಟಿಗೆ ಸೇರಿಸಿದರೆ ಝುಣಕಕ್ಕೆ ಉರಿ ಸಿಗುತ್ತದೆ. ಎಣ್ಣೆ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಎರಡು ಉಳ್ಳಾಗಡ್ಡಿ ಹುರಿದು, ಅರಿಷಿಣ, ಸಂಕೇಶ್ವರದ ಮೆಣಸಿನಪುಡಿ, ಉಪ್ಪು. ಕಡಲೆಹಿಟ್ಟು ಒಂದು ಲೋಟ ಆದರೆ ನೀರು ಒಂದೂವರೆ ಲೋಟ. ನೀರು ಕುದಿ ಬಂದ ಮೇಲೆ ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುತ್ತ, ಗಂಟಾಗದಂತೆ. ಆಮೇಲೆ ಉರಿ ಎಳೆದು ಬರೀ ಕೆಂಡದ ಮೇಲೆ ಮುಚ್ಚಿ ಐದು ನಿಮಿಷ. ನೂಡಲ್ಸ್ ನೀರು ಕುದಿಯುವುದರೊಳಗೆ ಇದನ್ನು ತಿಂದು ಕೈ ತೊಳೆದಿರಬಹುದು.

ರೊಟ್ಟಿ ಮಾತ್ರ ಅಲ್ಲಿ ಬಡಿಯೋಕೆ ಹೋಗಬೇಡಿ. ಸುಮ್ಮನೆ ಶೂರತನ ಬೇಡ. ಜೋಳದ ಹಿಟ್ಟಿಗೆ ಎಷ್ಟು ಬಿಸಿನೀರು, ಎಷ್ಟು ನಾದಬೇಕು ಅನ್ನುವುದು ಅವ್ವನ ಕೈಗೆ ಗೊತ್ತು, ನಮಗಲ್ಲ. ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ. ವಾರಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ, ಪ್ಲಾಸ್ಟಿಕ್ ಬೇಡ, ಹಳೆ ಧೋತರದ ತುಂಡು ಸಾಕು. ತಿನ್ನುವ ಮುಂಚೆ ಕೆಂಡಕ್ಕೆ ಒಂದು ಸಲ ತೋರಿಸಿದರೆ ಆಗ ತಾನೇ ಬಡಿದದ್ದರ ವಾಸನೆ ಬರುತ್ತದೆ.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. "ಕಾಕಾರ, ಸೀತನಿ ಸಿಗತೈತೇನ್ರಿ?" ಅಂತ ಕೇಳಿದೆ ನೋಡಿ, ಅವರ ಮುಖ ಸ್ವಲ್ಪ ಸಣ್ಣಗಾಯಿತು.

ಸೀತನಿ ಗೊತ್ತಿಲ್ಲದವರಿಗೆ: ಹಿಂಗಾರಿ ಜೋಳದ ತೆನೆ ಹಾಲು ತುಂಬಿ ಇನ್ನೂ ಗಟ್ಟಿಯಾಗದೆ ಮೆತ್ತಗಿರುವಾಗ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಬೂದಿ ಊದಿ ತಿನ್ನುವುದು. ಜೊತೆಗೆ ಗುರೆಳ್ಳು ಚಟ್ನಿ, ಬೆಲ್ಲ, ಮೊಸರು. ಗಡಿಯಾಚೆ ಮಹಾರಾಷ್ಟ್ರದವರು ಹುರಡಾ ಅನ್ನುತ್ತಾರೆ, ಅಲ್ಲಿ ಅದಕ್ಕೆ ಟಿಕೆಟ್ ಇಟ್ಟು ಪಾರ್ಟಿಗಳೇ ನಡೆಯುತ್ತವೆ. ತೆನೆ ಆ ಹದದಲ್ಲಿರುವುದು ಬಹಳ ಕಡಿಮೆ ದಿನ. ಅಂಗಡಿಯಲ್ಲಿ ಕೊಂಡು ತಂದು ಮಾಡುವ ಅಡಿಗೆ ಅಲ್ಲ ಅದು, ಬೆಂಕಿಯ ಪಕ್ಕದಲ್ಲೇ ಹೊಲ ಇರಬೇಕು.

ಹೊಲ ಇದೆ. ಅದರಲ್ಲಿ ಜೋಳ ಇಲ್ಲ. ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. ಕಾಲುವೆ ಹರಿದ ಕಡೆಯಲ್ಲೆಲ್ಲ ಕಬ್ಬು, ಕಬ್ಬಿಗೆ ಸಕ್ಕರೆ ಕಾರ್ಖಾನೆಗಳು. ಹುಕ್ಕೇರಿಯಿಂದ ಮೂಡಲಗಿಯವರೆಗೆ ಕಾರಿನ ಎರಡೂ ಕಿಟಕಿಯಲ್ಲಿ ಕಬ್ಬೇ ಕಬ್ಬು. ರೈತರನ್ನು ಬೈಯುವ ಅಧಿಕಾರ ನನಗಿಲ್ಲ. ನನ್ನ ಇಂಜಿನಿಯರಿಂಗ್ ಫೀಜು ಕಟ್ಟಿದ್ದೇ ಕಬ್ಬಿನ ಬಿಲ್ಲು. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಮಾಡಿತು, ಬೆಂಗಳೂರಿನ ಮಾಲುಗಳಲ್ಲಿ ಜೋಳದ ಬಿಸ್ಕೀಟು ಬಂತು. ಆದರೆ ನಮ್ಮ ಕಾಲುವೆ ಕೆಳಗಿನ ಹುಡುಗರಿಗೆ ಸೀತನಿ ಅಂದರೆ ಏನು ಅಂತ ಯೂಟ್ಯೂಬಿನಲ್ಲಿ ತೋರಿಸಬೇಕು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಇನ್ನೊಂದು ವಿಷಯ. ಎರಡನೇ ರಾತ್ರಿ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ಪಕ್ಕದ ಹೊಲದಲ್ಲಿ ಸಾಲಾಗಿ ಹತ್ತು ಹನ್ನೆರಡು ಬೆಂಕಿ. ಕಬ್ಬು ಕಡಿಯುವ ಗ್ಯಾಂಗಿನವರು, ಬೀಡ ಜಿಲ್ಲೆಯಿಂದ ಬಂದವರು. ತಾಡಪತ್ರಿಯ ಗುಡಿಸಲು, ಮುಂದೆ ಮೂರು ಕಲ್ಲು, ಒಬ್ಬಳು ಹೆಣ್ಣುಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಭಾಕರಿ ಬಡಿಯುತ್ತಿದ್ದಳು. ಐದಕ್ಕೆ ಕಬ್ಬಿನೊಳಗೆ ಇಳಿಯಬೇಕಲ್ಲ. ನಮ್ಮವನೊಬ್ಬ ಕ್ಯಾಮೆರಾ ತೆಗೆದ, "ಎಂಥಾ ಫ್ರೇಮ್ ಮಾರಾಯ!" ಅಂತ. ನಾನು ಬೇಡ ಅಂದೆ. ಜಗಳವೇ ಆಯಿತು.

ನಮಗೆ ಎರಡು ರಾತ್ರಿಯ ಮಜಾ ಆಗಿರುವುದು ಆಕೆಗೆ ಐದು ತಿಂಗಳ ಸಂಸಾರ. ದಖ್ಖನಿ ಕುರಿ ಹೊಡೆದುಕೊಂಡು ಊರೂರು ತಿರುಗುವ ನಮ್ಮ ಕುರುಬರದ್ದೂ ಅಷ್ಟೇ. ಗೊಬ್ಬರಕ್ಕೆ ಅಂತ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿ ಅಲ್ಲೇ ಒಲೆ ಹೂಡುತ್ತಾರೆ. ಇವರು ಯಾರೂ ಕ್ಯಾಂಪಿಂಗ್ ಅನ್ನುವ ಶಬ್ದ ಬಳಸುವುದಿಲ್ಲ. ಆದರೆ ಬೆಂಕಿಯ ಮೇಲಿನ ಅಡಿಗೆ ನಿಜವಾಗಿ ಉಳಿದಿರುವುದು ಇವರ ಕೈಯಲ್ಲಿ. ನಾವು ಕಲಿಯಬೇಕಾದರೆ ಕೇಳಿ ಕಲಿಯಬೇಕು, ಫೋಟೋ ಹೊಡೆದುಕೊಂಡಲ್ಲ. ಈ ಮಾತಿಗೆ ಗೆಳೆಯ ಇನ್ನೂ ಒಪ್ಪಿಲ್ಲ. "ಫೋಟೋ ತೆಗೆದರೆ ಅಲ್ವಾ ನಾಲ್ಕು ಜನಕ್ಕೆ ಗೊತ್ತಾಗೋದು" ಅನ್ನುತ್ತಾನೆ. ಅದರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಆಕೆಯನ್ನು ಕೇಳದೆ ತೆಗೆಯುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ.

ಹಾಂ, ಹೋಗುವವರಿಗೆ ಎರಡು ಮಾತು ಮರೆತಿದ್ದೆ. ಮೀಸಲು ಅರಣ್ಯದೊಳಗೆ ಒಲೆ ಹೂಡಬೇಡಿ, 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ. ಯಾರದಾದರೂ ಹೊಲದಲ್ಲಿ, ಕೇಳಿ, ಒಣಹುಲ್ಲು ಕೆತ್ತಿ ಹೂಡಿ. ಪಕ್ಕದಲ್ಲೇ ಒಣ ರವದಿ ಇದ್ದರೆ ಅಲ್ಲಿ ಬೇಡವೇ ಬೇಡ, ಒಂದು ಕಿಡಿಗೆ ಇಡೀ ಕಬ್ಬಿನ ಪಡ ಹೋಗುತ್ತದೆ. ಏಳುವಾಗ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ಬೂದಿಯೊಳಗೆ ಕೈ ಹಾಕಿ ತಣ್ಣಗಾಗಿದೆಯಾ ನೋಡಿ ಏಳಬೇಕು. ಮತ್ತು ನಿಮ್ಮ ಪ್ಯಾಕೆಟ್ಟು ಬಾಟಲಿ ನೀವೇ ವಾಪಸ್ ತನ್ನಿ. ಜಲಪಾತದ ಬಂಡೆಗಳ ಸಂದಿಯಲ್ಲಿ ನಾನು ನೋಡಿದ್ದನ್ನು ಇಲ್ಲಿ ಬರೆದರೆ ಊಟ ಸೇರಲಿಕ್ಕಿಲ್ಲ.

ಮೊನ್ನೆ ಪನೀರು ಗೆಳೆಯನ ಫೋನ್ ಬಂದಿತ್ತು. ಬಾರ್ಬೆಕ್ಯೂ ಸ್ಟ್ಯಾಂಡ್ ಅರ್ಧ ಬೆಲೆಗೆ ಮಾರಿದನಂತೆ. ಬರುವ ಡಿಸೆಂಬರಿಗೆ ಮತ್ತೆ ಹೋಗೋಣ, ಸೀತನಿ ತಿನ್ನಲೇಬೇಕು ಅಂದ. ಕಾಕಾರನ್ನು ಕೇಳಿದೆ. ನಿಮ್ಮ ಸಲುವಾಗಿ ಎರಡು ಗುಂಟೆ ಜೋಳ ಬಿತ್ತುತ್ತೇನೆ, ಆದರೆ ಸುತ್ತಲೂ ಕಬ್ಬು, ನಡುವೆ ಎರಡು ಗುಂಟೆ ಜೋಳ ಅಂದರೆ ಸೀಮೆಯ ಹಕ್ಕಿಯೆಲ್ಲ ಅಲ್ಲೇ ಬೀಳುತ್ತವೆ, ಕಾಯಲು ಆಳು ಸಿಗುವುದಿಲ್ಲ ಅಂದರು. ಗೆಳೆಯನಿಗೆ ಹಾಗೇ ಹೇಳಿದೆ.

"ಎಷ್ಟು ದಿನ ಕಾಯಬೇಕು?" ಅಂದ.

"ತೆನೆ ಹಾಲು ತುಂಬಿದಾಗಿನಿಂದ."

"ಅಲ್ಲಿ ನೆಟ್‌ವರ್ಕ್ ಬರುತ್ತಾ? ವರ್ಕ್ ಫ್ರಂ ಹೋಮ್ ಕೇಳ್ತೀನಿ" ಅಂದ. ಕವಣೆ ಬೀಸೋಕೆ ಬರುತ್ತಾ ಅಂತ ಕೇಳುವುದನ್ನು ಮರೆತೆ.